ಉತ್ತರ ಕೊಡದಿರುವುದು

ಹಾಕೊದಾತೆಯ ಟ್ರಾಮಿನಲ್ಲಿ ಇಪ್ಪತ್ತಾರು ವರ್ಷ
ಬಿಳಿ ಕೈಗವಸಿನ ಬೆರಳು ಚಾಚಿ
"ಹಸಿರು, ಸರಿ!" ಎಂದು ಗಟ್ಟಿಯಾಗಿ ಕೂಗಿದವನು ಮಿನೆಯೊ.
ಕೂಗಲೇಬೇಕು, ಅದು ಅಲ್ಲಿನ ನಿಯಮ.
ಕಣ್ಣು ಕಂಡದ್ದನ್ನು ಬೆರಳು ಒಪ್ಪಬೇಕು,
ಬೆರಳು ಒಪ್ಪಿದ್ದನ್ನು ಬಾಯಿ.
ಒಂದೇ ಒಂದು ಸಲ.

ಮನೆಗೆ ಬಂದ ಬೆರಳಿಗೆ
ಆ ಒಂದು ಸಲ ಮರೆತುಹೋಯಿತು.
ಸೀಮೆಎಣ್ಣೆ ಸ್ಟವ್ ಆರಿದೆ, ಸರಿ.
ಆರಿದೆ, ಸರಿ.
ಆರಿದೆ,
ಸರಿಯೇ?
ಗೇಟಿನವರೆಗೆ ಹೋಗಿ ಮರಳಿದ ಹೆಜ್ಜೆಗಳನ್ನು
ಒಂದು ಬೆಳಗ್ಗೆ ಹಿಮದ ಮೇಲೆ ಎಣಿಸಿದೆ: ಹದಿನೇಳು ಸಾಲು.
ಪಕ್ಕದ ಮನೆಯ ಮುದುಕಿ ಕೇಳಿದಳು,
ರಾತ್ರಿ ನಿಮ್ಮಲ್ಲಿ ಅಷ್ಟೊಂದು ನೆಂಟರೇ?

ಗೀಳು ಎಂದರು.
ಹೆಸರು ಸಿಕ್ಕಿತೆಂದು ನನಗೆ ಸಮಾಧಾನ,
ಅವನಿಗೆ ನಾಚಿಕೆ.

ಮೊದಲು ಸಪ್ಪೊರೊದ ನಿಶಿಗಾಕಿ.
ರೈಲಿನಲ್ಲಿ ನಾಲ್ಕು ತಾಸು, ಮೆತ್ತನೆಯ ಕುರ್ಚಿ, ಬಾಲ್ಯ.
ಏಳು ವರ್ಷದವನಿದ್ದಾಗ ಉರಿದುಹೋದ ಹುಲ್ಲಿನ ಕೊಟ್ಟಿಗೆ,
ಬಾಯಿ ಬಿಡದ ಅಪ್ಪ.
ಒಂದೂವರೆ ವರ್ಷ ಅಗೆದರು. ಬೇರು ಸಿಕ್ಕಿತು.
ಮರ ಅಲ್ಲಾಡಲಿಲ್ಲ.

ಆಮೇಲಿನವನು ಕಾಗದ ಪೆನ್ಸಿಲ್ಲಿನವನು.
ಮನೆಗೆ ಬೆಂಕಿ ಬೀಳಲು ಏನೇನು ಕೆಡಬೇಕು, ಬರೆಯಿರಿ:
ಗುಂಡಿ, ಬತ್ತಿ, ಪರದೆ, ಗಾಳಿ, ನಿಮ್ಮ ಹೆಂಡತಿಯ ಮೂಗು.
ಒಂದಕ್ಕೊಂದು ಗುಣಿಸಿದರೆ
ಕೋಟಿಗೊಂದು ಪಾಲೂ ಇಲ್ಲ.
ಮಿನೆಯೊ ದಾರಿಯುದ್ದಕ್ಕೂ ನಗುತ್ತ ಬಂದ.
ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ದೀಪ.
ಗುಣಾಕಾರ ಸರಿಯಿದೆಯೇ ಎಂದು ನೋಡುತ್ತಿದ್ದ.

ಮುದುಕ ಉರಾಬೆ ಏನನ್ನೂ ಕೇಳಲಿಲ್ಲ.
ಏಳು ದಿನ ಹಾಸಿಗೆ ಕೊಟ್ಟರು,
ಓದಲು ಪುಸ್ತಕವಿಲ್ಲ, ಮಾತಿಲ್ಲ, ನಾನೂ ಇಲ್ಲ.
ಎಂಟನೆಯ ದಿನ ಕೈಗೆ ಗುದ್ದಲಿ.
"ಹೆದರಿಕೆ ಇದೆಯೇ? ಇರಲಿ.
ಹೆದರುತ್ತಲೇ ಮೂಲಂಗಿ ಕೀಳು."
ಬರುವಾಗ ಅಂಗೈಯಲ್ಲಿ ಗುಳ್ಳೆ, ಮುಖದಲ್ಲಿ ಎಂಥದೋ ಹಗುರ.
ಹೊಲವಿದ್ದಷ್ಟು ದಿನ ಚೆನ್ನಾಗಿತ್ತು.
ನಮಗೆ ಹೊಲವಿಲ್ಲ. ಸ್ಟವ್ ಇದೆ.

ಕೊನೆಗೆ ಡಾಕ್ಟರ್ ಅಕಾಬಾನೆ. ಮಗಳ ವಯಸ್ಸು.
ಬೂಟು ಬಿಚ್ಚಿ ನಮ್ಮ ಮನೆಯೊಳಗೇ ಬಂದಳು.
ಹಚ್ಚಿ ಎಂದಳು, ಆರಿಸಿ ಎಂದಳು.
ಹೊರಡಿ.
ತಿರುಗಿ ನೋಡುವಂತಿಲ್ಲ.
ಭಯ ಏರುತ್ತದೆ, ಏರಲಿ,
ನೀವು ಓಡದಿದ್ದರೆ ಅದಕ್ಕೇ ಏದುಸಿರು ಬರುತ್ತದೆ.
ಆಮೇಲೆ ನನ್ನ ಕಡೆ ತಿರುಗಿದಳು:
"ಅವರು ಕೇಳಿದರೆ ನೀವು ಉತ್ತರ ಕೊಡಕೂಡದು."

ಎಷ್ಟು ವರ್ಷ ಕೊಟ್ಟಿದ್ದೆ!
ಆರಿದೆ ಮಿನೆಯೊ. ಹೌದು, ನಾನೇ ನೋಡಿದೆ. ಆರಿದೆ.
ಊಟಕ್ಕೆ ಮುಂಚೆ, ಊಟದ ನಡುವೆ, ಫೋನಿನಲ್ಲಿ,
ನನ್ನಮ್ಮನ ಶವದ ಪಕ್ಕ ಕೂತಾಗಲೂ.
ಮದ್ದೆಂದುಕೊಂಡು ಚಮಚದಲ್ಲಿ ಕುಡಿಸಿದ್ದೆ.
ಅದೂ ಸೀಮೆಎಣ್ಣೆಯೇ.

ಯಾಚಿಗಾಶಿರದ ಕಡೆಯ ನಿಲ್ದಾಣ ದಾಟಿ
ಕಡಲಿನ ಎದುರು ಕೂತೆವು.
ಬೊಂಡಾಸು ಹಿಡಿಯುವ ದೋಣಿಗಳು ದೂರದಲ್ಲಿ ದೀಪ ಹಚ್ಚಿದ್ದವು,
ಒಂದು, ನಾಲ್ಕು, ಒಂಬತ್ತು.
"ಆರಿಸಿದೆನಲ್ಲವೇ?"
ನಾನು ದೋಣಿ ಎಣಿಸಿದೆ.
"ಕಾಯೊ, ಆರಿಸಿದೆನಲ್ಲವೇ?"
ನಾಲಿಗೆ ಕಚ್ಚಿಕೊಂಡು ಇಷ್ಟು ಕಟುಕಿ
ನಾನು ಯಾವತ್ತೂ ಆಗಿರಲಿಲ್ಲ.
ಅವನ ಮೊಣಕಾಲು ಕುಣಿಯುತ್ತಿತ್ತು, ಕತ್ತು ಬೆವೆತಿತ್ತು,
ಮೈನಸ್ ನಾಲ್ಕು ಡಿಗ್ರಿಯಲ್ಲಿ.
ಐವತ್ತು ನಿಮಿಷ ಆಗಿರಬೇಕು,
ಅವನೇ ಹೇಳಿದ, ಕಡಲಿಗೆ ಹೇಳುವಂತೆ:
"ಮನೆ ಈಗ ಉರಿಯುತ್ತಲೂ ಇರಬಹುದು."
ಸ್ವಲ್ಪ ಹೊತ್ತು ಬಿಟ್ಟು:
"ಚಹಾ ಕುಡಿಯೋಣವೇ?"

ಯಾವುದು ಗುಣ ಮಾಡಿತು ಎಂದು ಕೇಳುತ್ತಾರೆ ಜನ.
ಅಕಾಬಾನೆ ಎನ್ನುತ್ತೇನೆ, ನ್ಯಾಯವಾಗಿ.
ಆದರೆ ಆ "ಇರಬಹುದು" ಎಂಬ ಮಾತಿನಲ್ಲಿ
ಮೂಲಂಗಿಯ ಮಣ್ಣು ಮೆತ್ತಿತ್ತು,
ಕೊಟ್ಟಿಗೆಯ ಹೊಗೆಯೂ ಇತ್ತೇನೋ.
ಗುಣವಾಯಿತು ಎನ್ನುವುದೂ ದೊಡ್ಡ ಮಾತು.
ಹೋದ ತಿಂಗಳು ಗೇಟಿನಿಂದ ಎರಡು ಸಲ ಮರಳಿದ,
ನಾನು ಟೋಪಿ ಹಾಕಿಕೊಂಡು ಹಿಮದಲ್ಲಿ ನಿಂತೇ ಇದ್ದೆ.

ಈಗ ಅವನಿಗೆ ಬೇಗ ನಿದ್ದೆ ಹತ್ತುತ್ತದೆ.
ಗೊರಕೆ ಶುರುವಾದ ಮೇಲೆ
ಬರಿಗಾಲಲ್ಲಿ ಎದ್ದುಹೋಗಿ
ಕತ್ತಲಲ್ಲಿ ಸ್ಟವ್ವಿನ ಕಡೆ ಬೆರಳು ಚಾಚುತ್ತೇನೆ.
ಒಂದೇ ಸಲ.
ಇದನ್ನು ಅಕಾಬಾನೆಗೆ ಹೇಳಿಲ್ಲ.